ರಾಮಗಢದಲ್ಲಿ ಕೇರಿ ಎಲ್ಲಿತ್ತು, ಸಿಪ್ಪಿಯವರೇ?



ಶೋಲೆಗೆ ಐವತ್ತು ವರ್ಷ ತುಂಬಿದಾಗಿನಿಂದ ನಮ್ಮ ಜಿಲ್ಲೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಹಬ್ಬ. ರಾಮದೇವರ ಬೆಟ್ಟದ ಬಂಡೆ ಮುಂದೆ ನಿಂತು ಸೆಲ್ಫಿ, ಅದರ ಕೆಳಗೆ "ನಮ್ಮ ಹೆಮ್ಮೆ" ಅಂತ ಬರಹ, ಹಿಂದೆ ಗಬ್ಬರ್ ನಗು. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಸಿನಿಮಾ. 2025ರಲ್ಲಿ ಅದರ ಪ್ರಿಂಟನ್ನು ತೊಳೆದು ಉಜ್ಜಿ ಹೊಸದು ಮಾಡಿ, ಎಮರ್ಜೆನ್ಸಿ ಕಾಲದಲ್ಲಿ ಸೆನ್ಸಾರ್‌ನವರು ಬದಲಾಯಿಸಿದ್ದ ಕ್ಲೈಮ್ಯಾಕ್ಸನ್ನೂ ವಾಪಸ್ ಸೇರಿಸಿ, ಇಟಲಿಯ ಬೊಲೊನ್ಯಾದ ಚಿತ್ರೋತ್ಸವದಲ್ಲಿ ತೋರಿಸಿದರು. ಅಲ್ಲಿಯವರು ಚಪ್ಪಾಳೆ ತಟ್ಟಿದರು. ನಮ್ಮೋರು ಇಲ್ಲಿಂದ ಚಪ್ಪಾಳೆ ತಟ್ಟಿದರು. ತಟ್ಟಲಿ, ಬೇಡ ಅನ್ನಲ್ಲ. ನಾನೂ ಆ ಸಿನಿಮಾನ ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಅದು ಕೆಟ್ಟ ಸಿನಿಮಾ ಅಂತ ಹೇಳೋಕೆ ಈ ಪೋಸ್ಟ್ ಬರೀತಿಲ್ಲ. ಕೆಟ್ಟ ಸಿನಿಮಾ ಆಗಿದ್ರೆ ಬರೆಯೋ ಅಗತ್ಯವೂ ಇರ್ತಿರಲಿಲ್ಲ.

ನನ್ನ ತಕರಾರು ಆ "ನಮ್ಮ" ಅನ್ನೋ ಪದದ ಮೇಲೆ. ಯಾರ ಹೆಮ್ಮೆ? ಅದರಲ್ಲಿ ನಮ್ಮದು ಏನಿದೆ? ಬಂಡೆ ನಮ್ಮದು, ಬಿಸಿಲು ನಮ್ಮದು, ಕಲ್ಲು ಮಣ್ಣು ಹೊತ್ತ ಹೆಗಲು ನಮ್ಮದು. ಕಥೆ ಯಾರದ್ದು? ಕ್ಯಾಮೆರಾ ಹಿಂದೆ ನಿಂತು ಏನು ಕಾಣಬೇಕು, ಏನು ಕಾಣಬಾರದು ಅಂತ ತೀರ್ಮಾನ ಮಾಡಿದ್ದು ಯಾರು? ಇದನ್ನ ಕೇಳಿದ್ರೆ "ನಿಮಗೆ ಎಲ್ಲದರಲ್ಲೂ ಜಾತಿನೇ ಕಾಣುತ್ತೆ ಕಣ್ರೀ" ಅಂತಾರೆ. ಹೌದು ಸ್ವಾಮಿ, ನಮಗೆ ಕಾಣುತ್ತೆ. ನಿಮಗೆ ಯಾಕೆ ಕಾಣಲ್ಲ ಅನ್ನೋದೇ ಪ್ರಶ್ನೆ.

ರಮೇಶ್ ಸಿಪ್ಪಿ ಯಾರು ಅಂತ ಈಗಿನ ಹುಡುಗರಿಗೆ ಸ್ವಲ್ಪ ಹೇಳಬೇಕು. 1947ರ ಜನವರಿ 23ರಂದು ಕರಾಚಿಯಲ್ಲಿ ಹುಟ್ಟಿದವರು. ಹುಟ್ಟಿ ಏಳು ತಿಂಗಳಾಗೋ ಹೊತ್ತಿಗೆ ಆ ಊರು ಬೇರೆ ದೇಶಕ್ಕೆ ಸೇರಿತು. ಸಿಂಧಿ ಕುಟುಂಬ ಬಾಂಬೆಗೆ ಬಂತು. ಅಪ್ಪ ಜಿ.ಪಿ. ಸಿಪ್ಪಿ ಕಟ್ಟಡ ಕಟ್ಟಿಸೋ ವ್ಯವಹಾರ ಮಾಡಿ, ಆಮೇಲೆ ಸಿನಿಮಾ ನಿರ್ಮಾಪಕರಾದರು. ಮಗ 1953ರ "ಶಹೆನ್‌ಶಾ" ಸಿನಿಮಾದಲ್ಲಿ ಬಾಲನಟ. 1971ರಲ್ಲಿ, ಇಪ್ಪತ್ತನಾಲ್ಕನೇ ವಯಸ್ಸಿಗೆ, "ಅಂದಾಜ್" ನಿರ್ದೇಶಿಸಿದರು. ಮರುವರ್ಷ "ಸೀತಾ ಔರ್ ಗೀತಾ". ಎರಡೂ ಗೆದ್ದವು. ಮೂರನೆಯದೇ ಶೋಲೆ. ಇಪ್ಪತ್ತನಾಲ್ಕನೇ ವಯಸ್ಸಿಗೆ ನಮ್ಮ ಕೇರಿ ಹುಡುಗ ಎಲ್ಲಿರ್ತಾನೆ ಅಂತ ಯೋಚನೆ ಮಾಡಿ. ಪ್ರತಿಭೆ ಮಾತು ಅತ್ಲಾಗಿರಲಿ. ಸೋತರೂ ಪರವಾಗಿಲ್ಲ ಮಗನೇ ಅಂತ ದುಡ್ಡು ಹಾಕೋ ಅಪ್ಪ ಇರೋದು ಒಂದು ಮೀಸಲಾತಿ. ಆ ಮೀಸಲಾತಿ ವಿರುದ್ಧ ಯಾರೂ ಮೆರವಣಿಗೆ ಮಾಡಿದ್ದು ನಾನು ನೋಡಿಲ್ಲ.

ಡಕಾಯಿತರ ಸಿನಿಮಾ ಅಂದ್ರೆ ಆಗೆಲ್ಲ ಚಂಬಲ್ ಕಣಿವೆ. ಸಿಪ್ಪಿಯವರಿಗೆ ಜನ ನೋಡಿರದ ಜಾಗ ಬೇಕಿತ್ತು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಊರೂರು ಅಲೆದು ನಮ್ಮ ರಾಮನಗರದ ಬಂಡೆಗಳನ್ನ ಹುಡುಕಿದರು. ಬೆಟ್ಟದ ಬುಡದಲ್ಲಿ ಒಂದು ಊರನ್ನೇ ಕಟ್ಟಿದರು. ಅಲ್ಲಿಗೆ ಹೋಗೋಕೆ ರಸ್ತೆ ಮಾಡಿದರು. 1973ರ ಅಕ್ಟೋಬರ್ ಶುರುವಿನಲ್ಲಿ ಶೂಟಿಂಗ್ ಆರಂಭ. ಸುಮಾರು 3 ಕೋಟಿ ಖರ್ಚು, ಆ ಕಾಲಕ್ಕೆ. ಜಯಾ ಭಾದುರಿ ಒಂದೊಂದೇ ದೀಪ ಆರಿಸ್ತಾ ಹೋಗೋದು, ಕೆಳಗೆ ಅಮಿತಾಭ್ ಬಚ್ಚನ್ ಮೌತ್ ಆರ್ಗನ್ ನುಡಿಸೋದು, ನೆನಪಿದೆಯಾ? ಎರಡು ನಿಮಿಷದ ಆ ದೃಶ್ಯಕ್ಕೆ ಇಪ್ಪತ್ತು ದಿನ ಹಿಡಿಯಿತಂತೆ. ಸೂರ್ಯ ಮುಳುಗೋ ಹೊತ್ತಿನ ಆ ಒಂದು ಬೆಳಕಿಗಾಗಿ ದಿನಾ ಕಾದರು. ಛಾಯಾಗ್ರಾಹಕ ದ್ವಾರಕಾ ದಿವೇಚಾ ಕೆಲಸಕ್ಕೆ ಕೈ ಮುಗೀಬೇಕು. ಬೆಳಕಿಗೋಸ್ಕರ ಇಪ್ಪತ್ತು ದಿನ ಕಾಯೋಕೆ ಆಗೋದು ಯಾರಿಗೆ? ಹೊತ್ತು ಮುಳುಗೋದ್ರೊಳಗೆ ಕೂಲಿ ಎಣಿಸ್ಕೊಂಡು ಮನೆಗೆ ಅಕ್ಕಿ ತರಬೇಕಾದೋನಿಗಾ?

ನಮ್ಮ ದೊಡ್ಡಪ್ಪ ಆ ಸೆಟ್ಟಿಗೆ ಕಲ್ಲು ಮಣ್ಣು ಹೊತ್ತಿದ್ದರು. ಕೂಲಿ ಸರಿಯಾಗಿ ಕೊಟ್ರು, ಬಾಂಬೆಯೋರು ಮಾತು ತಪ್ಪಲಿಲ್ಲ ಅಂತಲೇ ಬದುಕಿರೋವರೆಗೂ ಹೇಳೋರು. ಅದಕ್ಕೇ ಈ ವಿಷಯದಲ್ಲಿ ನಾನು ಯಾರನ್ನೂ ಬೈಯಲ್ಲ. ಆಮೇಲೆ ಸಿನಿಮಾ ಟೆಂಟಿಗೆ ಬಂದಾಗ ಮನೆ ಮಂದಿನೆಲ್ಲ ಕರ್ಕೊಂಡು ಹೋಗಿ, ಪರದೆ ಕಡೆ ಕೈ ತೋರ್ಸಿ, "ಅಗೋ ಆ ಗೋಡೆ, ನಾನು ಮೆತ್ತಿದ್ದು" ಅಂದ್ರಂತೆ. ಪಕ್ಕದಲ್ಲಿ ಕೂತೋರು "ನೀನೆಲ್ಲಯ್ಯಾ?" ಅಂದಿದ್ದಕ್ಕೆ "ಗೋಡೆ ಬಂತಲ್ಲ, ಸಾಕು ಬುಡು" ಅಂದ್ರಂತೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡಿದೋನ ಹೆಸರು ಬೊಂಬೆ ಮೇಲೆ ಇರಲ್ಲ. ಕನಕಪುರದ ಗ್ರಾನೈಟ್ ಯಾವ್ಯಾವುದೋ ದೇಶದ ಬಂಗಲೆಗೆ ನೆಲ ಆಗುತ್ತೆ, ಕಲ್ಲು ಒಡೆದೋನು ಆ ನೆಲ ತುಳಿಯಲ್ಲ. ಆ ಲೆಕ್ಕದಲ್ಲಿ ನಮ್ಮ ದೊಡ್ಡಪ್ಪ ಹೊಸದೇನೂ ಕಳ್ಕೊಂಡಿಲ್ಲ.

ಹೆಸರಿನ ವಿಷಯ ಬಂದಾಗ ಇನ್ನೊಂದು. ಈ ಊರು ಒಂದು ಕಾಲಕ್ಕೆ ಶಂಸೇರಾಬಾದ್, ಬ್ರಿಟಿಷರ ಕಾಲಕ್ಕೆ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. 2007ರಲ್ಲಿ ಜಿಲ್ಲೆ ಆಯ್ತು. 2025ರಲ್ಲಿ ಸಂಪುಟ ಕೂತು ಜಿಲ್ಲೆಯನ್ನ "ಬೆಂಗಳೂರು ದಕ್ಷಿಣ" ಮಾಡಿತು. ಮಧ್ಯದಲ್ಲಿ ಶೋಲೆ ಗುಂಗಿನಲ್ಲಿ ಊರಿನ ಒಂದು ಭಾಗವನ್ನ ಸ್ವಲ್ಪ ಕಾಲ "ಸಿಪ್ಪಿನಗರ" ಅಂತಲೂ ಕರೆದರು. ಶೂಟಿಂಗ್ ಮಾಡ್ಕೊಂಡು ಹೋದ ನಿರ್ದೇಶಕನ ಹೆಸರನ್ನ ಊರಿಗೆ ಇಡೋಷ್ಟು ದೊಡ್ಡ ಮನಸ್ಸು ನಮ್ಮದು. ಸೆಟ್ ಕಟ್ಟಿದ ಒಬ್ಬ ಕೂಲಿಯವನ ಹೆಸರು ಒಂದು ಓಣಿಗೂ ಬರಲಿಲ್ಲ.

ಈಗ ರಾಮಗಢಕ್ಕೆ ಬರೋಣ. ಸಿಪ್ಪಿಯವರು ನಮ್ಮ ಬಂಡೆಗಳ ಮಧ್ಯೆ ಕಟ್ಟಿದ ಆ ಊರನ್ನ ಇನ್ನೊಂದು ಸಲ ಗಮನ ಇಟ್ಟು ನೋಡಿ. ಠಾಕೂರರ ದೊಡ್ಡ ಮನೆ ಇದೆ. ದೇವಸ್ಥಾನ ಇದೆ. ಮಸೀದಿ ಇದೆ, ಕಣ್ಣು ಕಾಣದ ಇಮಾಮ್ ಸಾಹೇಬರು ಇದಾರೆ. ಟಾಂಗಾ ಓಡಿಸೋ ಬಸಂತಿ, ಅವಳ ಮೌಸಿ ಇದಾರೆ. ಗಬ್ಬರ್‌ಗೆ ಧಾನ್ಯ ಕೊಡೋ ರೈತರು ಇದಾರೆ. ಬಣ್ಣ ಹಾರಿಸಿ ಹೋಳಿ ಆಡ್ತಾರೆ. ಕೇರಿ ಎಲ್ಲಿದೆ? ದನ ಸತ್ರೆ ಹೊತ್ತು ಹಾಕೋರು ಯಾರು ಆ ಊರಲ್ಲಿ? ಹಬ್ಬಕ್ಕೆ ತಮಟೆ ಬಡಿಯೋರು, ಗುಂಡಿ ತೆಗೆಯೋರು, ಠಾಕೂರರ ಹೊಲ ಗೇಯೋರು? ಊರ ಮಧ್ಯೆ ಎತ್ತರದ ನೀರಿನ ಟ್ಯಾಂಕ್ ಇದೆ, ವೀರು ಕುಡಿದು ಹತ್ತಿ ಸಾಯ್ತೀನಿ ಅಂತ ಕೂಗಾಡ್ತಾನೆ, ಊರೆಲ್ಲ ಕೆಳಗೆ ನಿಂತು ನೋಡುತ್ತೆ. ನಾವೂ ನಕ್ಕಿದ್ದೀವಿ. 1973ರಲ್ಲಿ ನಿಜವಾದ ಒಂದು ಊರಲ್ಲಿ ಅಂಥ ಟ್ಯಾಂಕ್ ಇದ್ದಿದ್ರೆ ಅದರ ನಲ್ಲಿ ಮುಟ್ಟೋಕೆ ಯಾರಿಗೆ ಹಕ್ಕಿತ್ತು? ಬಾಬಾಸಾಹೇಬರು ಮಹಾಡ್ ಕೆರೆ ನೀರು ಮುಟ್ಟಿ ಆಗಲೇ ನಲವತ್ತಾರು ವರ್ಷ ಆಗಿತ್ತು. ನಮ್ಮ ಹಳ್ಳಿಗಳ ಬಾವಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ತಮಾಷೆ ನೋಡಿ. ನಟ, ನಿರ್ದೇಶಕ ಉಪೇಂದ್ರ 2023ರ ಆಗಸ್ಟ್‌ನಲ್ಲಿ ಫೇಸ್‌ಬುಕ್ ಲೈವ್‌ನಲ್ಲಿ ಮಾತಾಡ್ತಾ, ಊರಿದ್ದ ಕಡೆ ಹೊಲಗೇರಿ ಇರುತ್ತೆ ಅನ್ನೋ ಗಾದೆ ಬಳಸಿದರು. ಕೆಟ್ಟದ್ದಕ್ಕೆ ಹೋಲಿಕೆಯಾಗಿ. ನಾವು ಬೀದಿಗಿಳಿದೆವು, ಕೇಸಾಯ್ತು, ಅವರು ಕ್ಷಮೆ ಕೇಳಿದರು, ಹೈಕೋರ್ಟ್ ತಡೆ ಕೊಟ್ಟಿತು. ಅದು ಒಂದು ಬಗೆ. ಸಿಪ್ಪಿಯವರದು ಇನ್ನೊಂದು ಬಗೆ. ಊರು ಕಟ್ಟಿದರು, ಹೊಲಗೇರಿಯನ್ನೇ ಇಡಲಿಲ್ಲ. ಒಬ್ಬರ ಬಾಯಲ್ಲಿ ನಾವು ಬೈಗುಳ, ಇನ್ನೊಬ್ಬರ ಪರದೆಯಲ್ಲಿ ನಾವು ಇಲ್ಲವೇ ಇಲ್ಲ. ಕನ್ನಡ, ಹಿಂದಿ ಎರಡೂ ಸಿನಿಮಾ ಸೇರಿಸಿ ನೋಡಿದ್ರೆ ನಮಗೆ ಸಿಕ್ಕಿರೋದು ಹೆಚ್ಚಾಗಿ ಈ ಎರಡೇ ಜಾಗ.

"ಅದು ಮಸಾಲ ಸಿನಿಮಾ, ಅದರಲ್ಲಿ ಯಾರೂ ಜಾತಿ ಹುಡುಕಲ್ಲ" ಅಂತ ಒಬ್ಬ ಗೆಳೆಯ ಹೇಳಿದ. ಸರಿ, ಹುಡುಕೋದು ಬೇಡ. ಆ ಯಜಮಾನನ ಹೆಸರೇನು? ಬಲ್‌ದೇವ್ ಸಿಂಗ್. ಸಿನಿಮಾ ಪೂರ್ತಿ ಅವನನ್ನ ಏನಂತ ಕರೀತಾರೆ? ಠಾಕೂರ್. ಜಾತಿ ಪದವಿಯೇ ಹೆಸರು. ಕಥೆ ಬರೆದ ಸಲೀಂ-ಜಾವೇದ್ ಮೊದಲು ಆ ಪಾತ್ರವನ್ನ ಸೇನಾ ಅಧಿಕಾರಿ ಅಂತ ಯೋಚಿಸಿದ್ದರು, ಆಮೇಲೆ ಪೊಲೀಸ್ ಅಧಿಕಾರಿ ಮಾಡಿದರು. ಕೆಲಸ ಬದಲಾಯ್ತು, ಯಜಮಾನಿಕೆ ಉಳೀತು. ಊರಿಗೆ ಕಷ್ಟ ಬಂದ್ರೆ ಊರು ಎದ್ದು ನಿಲ್ಲಲ್ಲ, ಠಾಕೂರರು ದುಡ್ಡು ಕೊಟ್ಟು ಇಬ್ಬರು ಗಂಡಸರನ್ನ ಕರೆಸ್ತಾರೆ. ಜಾತಿ ನಾನು ಹುಡುಕಿದ್ದಲ್ಲ ಕಣಣ್ಣ, ನಿಮ್ಮ ಸಿನಿಮಾದಲ್ಲಿ ಅದನ್ನೇ ಮೂರು ಗಂಟೆ ಕೂಗ್ತಾರೆ.

ಇದಕ್ಕಿಂತ ದೊಡ್ಡ ವಿಷಯ, ಆ ಸೆಟ್ಟಿನ ಹೊರಗೆ ಅದೇ ಹೊತ್ತಿಗೆ ಏನು ನಡೀತಿತ್ತು ಅನ್ನೋದು. ಶೂಟಿಂಗ್ ಶುರುವಾಗಿ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ, 1973ರ ನವೆಂಬರ್‌ನಲ್ಲಿ ದೇವರಾಜ ಅರಸರ ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ರಾಜ್ಯ ಹೊತ್ತಿ ಉರೀತು. ದಲಿತ ಹುಡುಗರಿಗೆ ಹಾಸ್ಟೆಲುಗಳಿಗೆ ನುಗ್ಗಿ ಹೊಡೆದರು. ಬಸವಲಿಂಗಪ್ಪ ಮಂತ್ರಿ ಕುರ್ಚಿ ಬಿಡಬೇಕಾಯ್ತು. ಆ ಏಟು ತಿಂದ ಹುಡುಗರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು. 1974ರ ಮಾರ್ಚ್‌ನಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು, ಉಳುವವನೇ ಹೊಲದೊಡೆಯ ಅಂತ ಗೇಣಿದಾರರು ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಬಂದರು. ನಮ್ಮೋರು ಬಹಳ ಜನ ಗೇಣಿದಾರರೂ ಅಲ್ಲ, ಬರೀ ಕೂಲಿ, ಜೀತ. ಅದರಲ್ಲೂ ನಮಗೆ ಸಿಕ್ಕಿದ್ದು ಕಡಿಮೆ. ಅದು ಬೇರೆ ಜಗಳ. ಆದ್ರೂ ನಮ್ಮ ರಾಜ್ಯದ ನಿಜವಾದ ಠಾಕೂರರ ಕೈಯಿಂದ ಭೂಮಿ ಜಾರ್ತಿದ್ದ ಅದೇ ವರ್ಷ, ಬೆಂಗಳೂರು ಮೈಸೂರು ರಸ್ತೆ ಪಕ್ಕದಲ್ಲಿ ಕ್ಯಾಮೆರಾ ಇಟ್ಕೊಂಡು, ಕೈ ಕತ್ತರಿಸಿಕೊಂಡ ಠಾಕೂರನಿಗಾಗಿ ದೇಶವೇ ಅಳೋ ಕಥೆ ತಯಾರಾಗ್ತಿತ್ತು. ಯಾರೂ ಸಂಚು ಮಾಡಿ ಹಾಗೆ ಮಾಡಿದ್ದಲ್ಲ. ಆ ಕಡೆ ತಿರುಗಿ ನೋಡೋ ಅಗತ್ಯ ಅವರಿಗೆ ಬೀಳಲಿಲ್ಲ, ಅಷ್ಟೆ. ಬಂಡೆ ಸಾಕಿತ್ತು.

ಅದೇ ಬಂಡೆ ಸಾಲಿನ ಇನ್ನೊಂದು ಮಗ್ಗುಲಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆ. ವೀಕೆಂಡ್ ಅಂತ ಮಂಚನಬೆಲೆ ಡ್ಯಾಂ ನೋಡೋಕೆ ಕಾರಲ್ಲಿ ಬರೋರಲ್ಲಿ ಎಷ್ಟು ಜನಕ್ಕೆ ಗೊತ್ತೋ ಏನೋ, 1954ರಲ್ಲಿ ಅಲ್ಲಿ ಒಬ್ಬ ಹುಡುಗ ಹುಟ್ಟಿದ. ಕವಿ ಸಿದ್ದಲಿಂಗಯ್ಯ. ಅವರ ಆತ್ಮಕಥೆ "ಊರು ಕೇರಿ"ಯಲ್ಲಿ ಎತ್ತಿನ ಬದಲು ಇಬ್ಬರು ಮನುಷ್ಯರಿಗೆ ನೊಗ ಹೂಡಿ ಉಳುವ ದೃಶ್ಯ ಬರುತ್ತೆ. ಆ ಇಬ್ಬರಲ್ಲಿ ಒಬ್ಬರು ಅವರ ಅಪ್ಪ. ರಾಮಗಢದ ಸೆಟ್ಟಿನಿಂದ ಗಾಡಿಯಲ್ಲಿ ಹೋದರೆ ಒಂದು ಗಂಟೆ ದಾರಿಯೂ ಇಲ್ಲ. ಅದೇ 1975ರಲ್ಲಿ, ಶೋಲೆ ಬಂದ ವರ್ಷವೇ, ಸಿದ್ದಲಿಂಗಯ್ಯನವರ "ಹೊಲೆಮಾದಿಗರ ಹಾಡು" ಪುಸ್ತಕವಾಗಿ ಬಂತು. ಒಂದೇ ಮಣ್ಣು, ಒಂದೇ ವರ್ಷ, ಎರಡು ಕೃತಿ. ಒಂದರ ಹೆಸರಲ್ಲಿ ಪ್ರವಾಸೋದ್ಯಮ ಮಾಡ್ತೀರಿ. ಇನ್ನೊಂದರ ಹೆಸರು ಹೇಳೋಕೆ ಮೈಕು ಮುಂದೆ ಇವತ್ತಿಗೂ ನಾಲಿಗೆ ತೊದಲುತ್ತೆ, ಶೀರ್ಷಿಕೆಯಲ್ಲೇ ಜಾತಿ ಇದೆಯಲ್ಲ!

ಅದೇ 1975ರಲ್ಲಿ ಕನ್ನಡದಲ್ಲಿ "ಚೋಮನ ದುಡಿ" ಬಂತು. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ಸ್ವರ್ಣ ಕಮಲ ಬಂತು, ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ದೊಡ್ಡ ಸಿನಿಮಾ, ಎರಡು ಮಾತಿಲ್ಲ. ಅಲ್ಲಾದ್ರೂ ನಾವು ಪರದೆ ಮೇಲೆ ಇದ್ದೆವು. ಆದ್ರೆ ಬರೆದೋರು ನಮ್ಮೋರಲ್ಲ, ತೆಗೆದೋರು ನಮ್ಮೋರಲ್ಲ, ನಟಿಸಿದೋರೂ ನಮ್ಮೋರಲ್ಲ. ಮತ್ತೆ ಸಿದ್ದಲಿಂಗಯ್ಯನವರು? ಅವರನ್ನೂ ಸಿನಿಮಾ ಕರೀತು, ಹಾಡು ಬರೆಯೋಕೆ. ಪುಟ್ಟಣ್ಣ ಕಣಗಾಲರ "ಧರಣಿ ಮಂಡಲ ಮಧ್ಯದೊಳಗೆ" ಚಿತ್ರಕ್ಕೆ ಬರೆದರು, ಚೆನ್ನಾಗೇ ಬರೆದರು. ಆ ನೊಗದ ದೃಶ್ಯವನ್ನ ಸಿನಿಮಾ ಮಾಡ್ತೀನಿ ಅಂತ 3 ಕೋಟಿ ಹಿಡ್ಕೊಂಡು ಮಾತ್ರ ಯಾರೂ ಬರಲಿಲ್ಲ.

ಸಿಪ್ಪಿಯವರ ಮುಂದಿನ ದಾರಿ ಹೇಳಬೇಕು, ಯಾಕಂದ್ರೆ ನನ್ನ ವಾದ ನಿಂತಿರೋದು ಅಲ್ಲೇ. ಶೋಲೆ ಆದಮೇಲೆ 1980ರಲ್ಲಿ "ಶಾನ್", ದುಡ್ಡು ನೀರಿನ ಹಾಗೆ ಸುರಿದರೂ ಶೋಲೆ ಆಗಲಿಲ್ಲ. 1982ರಲ್ಲಿ "ಶಕ್ತಿ", ದಿಲೀಪ್ ಕುಮಾರ್ ಮತ್ತು ಅಮಿತಾಭ್ ಎದುರುಬದುರು. 1985ರಲ್ಲಿ "ಸಾಗರ್". ಆಮೇಲೆ ಅವರು ಟಿವಿಗೆ ಬಂದರು. 1986-87ರಲ್ಲಿ ದೂರದರ್ಶನದಲ್ಲಿ "ಬುನಿಯಾದ್". ಮನೋಹರ ಶ್ಯಾಮ್ ಜೋಶಿ ಬರೆದದ್ದು. ದೇಶ ವಿಭಜನೆಯಲ್ಲಿ ಲಾಹೋರಿನಿಂದ ಕಿತ್ತು ಬಂದ ಪಂಜಾಬಿ ಕುಟುಂಬದ ಕಥೆ. ಹವೇಲಿರಾಮ್, ಲಾಜೋಜಿ. ಹಿಂದಿ ಬರದ ನಮ್ಮ ಹಳ್ಳಿಗಳಲ್ಲೂ ಪಂಚಾಯಿತಿ ಟಿವಿ ಮುಂದೆ ಹೆಂಗಸರು ಕೂತು ಅತ್ತಿದ್ದನ್ನ ಕಂಡೋರು ಇದಾರೆ. ಅದರಲ್ಲಿ ಕುದುರೆ ಇಲ್ಲ, ಬಂದೂಕಿನ ಆರ್ಭಟ ಇಲ್ಲ, 70 ಎಂಎಂ ಇಲ್ಲ. ಆದ್ರೆ ಮನೆ ಕಳ್ಕೊಂಡೋರ ಸಂಕಟ ಇತ್ತು, ಯಾರಿಗೂ ಅದು ಸುಳ್ಳು ಅನ್ನಿಸಲಿಲ್ಲ.

ಯಾಕೆ ಅನ್ನಿಸಲಿಲ್ಲ? ನಾನು ಹೇಳ್ತೀನಿ. ಕರಾಚಿ ಬಿಟ್ಟು ಬಂದ ಮನೆಯ ಕೂಸು ಅದು. ಆ ಗಾಯ ಅವರ ಮನೆಯ ಮಾತುಕತೆಯಲ್ಲೇ ಇತ್ತು. ಸಿನಿಮಾದಲ್ಲಿ ಕಟ್ಟಿದ ರಾಮಗಢ ಅವರಿಗೆ ಬರೀ ಸೆಟ್ಟು, ಯಾವ ಊರಾದ್ರೂ ನಡೀತಿತ್ತು. ಬುನಿಯಾದ್ ಅವರ ಊರಿನ ಕಥೆ. ತನ್ನ ಜನದ ನೋವನ್ನ ತಾನೇ ಹೇಳೋಕೆ ಅವಕಾಶ ಸಿಕ್ಕಾಗ ಒಬ್ಬ ಮಸಾಲ ನಿರ್ದೇಶಕ ಎಂಥ ನಿಜ ಹೇಳಬಲ್ಲ ಅನ್ನೋದಕ್ಕೆ ಅದು ಸಾಕ್ಷಿ. ಸಿಪ್ಪಿಯವರ ಬಗ್ಗೆ ನನಗಿರೋ ಗೌರವ ಎಲ್ಲ ಬುನಿಯಾದ್ ಲೆಕ್ಕಕ್ಕೆ. ನನ್ನ ಕೋಪವೂ ಅಲ್ಲಿಂದಲೇ. ನಿರಾಶ್ರಿತರ ಮನೆಯ ಮಗನಿಗೆ ಹದಿನೈದು ವರ್ಷದ ಅನುಭವ, ಅಪ್ಪನ ಬೆಂಬಲ, ಸರ್ಕಾರಿ ಟಿವಿಯ ಸಮಯ ಎಲ್ಲ ಸಿಕ್ಕು ತನ್ನ ಜನದ ಕಥೆ ಹೇಳಿದ. ಸ್ವಂತ ಊರಲ್ಲೇ ಊರಾಚೆ ಇಟ್ಟ ನಮಗೆ, ಹುಟ್ಟಿದ ಊರಲ್ಲೇ ನಿರಾಶ್ರಿತರಾದ ನಮಗೆ, ಆ ಕ್ಯಾಮೆರಾ ಯಾವಾಗ?

ಆಮೇಲೆ ಅವರ ಸಿನಿಮಾಗಳು ಅಷ್ಟಾಗಿ ನಡೀಲಿಲ್ಲ. "ಭ್ರಷ್ಟಾಚಾರ್" 1989, "ಅಕೇಲಾ" 1991, "ಜಮಾನಾ ದೀವಾನಾ" 1995. ಇಪ್ಪತ್ತೈದು ವರ್ಷ ಬಿಟ್ಟು 2020ರಲ್ಲಿ "ಶಿಮ್ಲಾ ಮಿರ್ಚಿ", ಬಂದಿದ್ದೂ ಹೋಗಿದ್ದೂ ಗೊತ್ತಾಗಲಿಲ್ಲ. 2013ರಲ್ಲಿ ಪದ್ಮಶ್ರೀ ಬಂದಿತ್ತು. ಮುಂಬೈ ವಿಶ್ವವಿದ್ಯಾಲಯದ ಜೊತೆ ಸೇರಿ ಅವರ ಹೆಸರಲ್ಲಿ ಸಿನಿಮಾ ಅಕಾಡೆಮಿಯೂ ನಡೀತಿದೆ. ಸೋಲೋದು ತಪ್ಪಲ್ಲ. ಎಲ್ಲ ನಿರ್ದೇಶಕರೂ ಸೋಲ್ತಾರೆ. ನಾನು ಹೇಳೋದು, ಸೋತ ಮೇಲೂ ಮತ್ತೊಂದು ಸಿನಿಮಾ, ಮತ್ತೊಂದು, ಅದಾದ ಮೇಲೆ ಟಿವಿ, ಅದಾದ ಮೇಲೆ ಗುರುವಿನ ಪೀಠ. ಅದಕ್ಕೆ ಕೆರಿಯರ್ ಅಂತಾರೆ. ನಮ್ಮ ಹುಡುಗರಿಗೆ ಸಿಕ್ಕೋದು ಒಂದೇ ಒಂದು ಸಿನಿಮಾ, ಅದೂ ಅಪ್ಪನ ಎರಡು ಎಕರೆ ಮಾರಿ, ಇಲ್ಲಾ ಮೂರು ಕಾಸಿನ ಬಡ್ಡಿಗೆ ಸಾಲ ತಂದು. ಥಿಯೇಟರ್‌ನಲ್ಲಿ ಎರಡನೇ ವಾರ ಸಿಗಲ್ಲ. ಅಲ್ಲಿಗೆ ಮುಗೀತು. "ನಿಮ್ಮೋರಿಗೆ ಅವಕಾಶ ಕೊಟ್ವಿ, ಉಳಿಸ್ಕೊಳ್ಳಲಿಲ್ಲ" ಅಂತ ಷರಾ ಬರೀತಾರೆ.

ಟಿವಿ ಕಥೆ ಇನ್ನೂ ಚೆಂದ. ಕೆಲವು ವರ್ಷದ ಹಿಂದೆ ನಾನೂ ಒಂದು ಧಾರಾವಾಹಿ ತಂಡದವರ ಹತ್ರ ಕಥೆ ತಗೊಂಡು ಹೋಗಿದ್ದೆ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಕೆಲಸ ಮಾಡೋ ಒಬ್ಬ ಹೆಣ್ಣುಮಗಳ ಕಥೆ. ಕನಕಪುರ ಕಡೆಯ ಕೇರಿಯಿಂದ ಬೆಳಗಿನ ಬಸ್ಸಿಗೆ ರಾಮನಗರಕ್ಕೆ ಬರೋಳು. ಅಲ್ಲಿದ್ದೋರು ಓದಿ, "ಚೆನ್ನಾಗಿದೆ ಬ್ರದರ್, ಆದ್ರೆ ಇವಳನ್ನ ಗೌಡರ ಮನೆ ಸೊಸೆ ಮಾಡೋಕಾಗುತ್ತಾ? ಈ ಕೇರಿ ಗೀರಿ ಟಿಆರ್‌ಪಿ ಬರಲ್ಲ" ಅಂದರು. ಹೊರಡೋವಾಗ ಮೆಲ್ಲಗೆ "ತಾವು ಯಾವ ಕಡೆಯೋರು?" ಅಂದರು. ಯಾವ ಕಡೆ ಅಂದ್ರೆ ಯಾವ ತಾಲ್ಲೂಕು ಅಂತ ಅಲ್ಲ, ನಿಮಗೂ ಗೊತ್ತು. ಕನ್ನಡ ಧಾರಾವಾಹಿಗಳನ್ನ ನೋಡಿ: ದೊಡ್ಡ ಬಂಗಲೆ, ಮೆಟ್ಟಿಲು, ದೇವರ ಮನೆ, ಅತ್ತೆ ಮೈ ತುಂಬ ಒಡವೆ. ಆ ಮನೆ ಪಾತ್ರೆ ತೊಳೆಯೋಳಿಗೆ ಒಂದು ಮನೆ ಇರುತ್ತೆ ಅನ್ನೋದೇ ಆ ಲೋಕಕ್ಕೆ ಗೊತ್ತಿಲ್ಲ.

ಕೇರಿ ಟಿಆರ್‌ಪಿ ಬರಲ್ಲ ಅಂದ್ರಲ್ಲ, 2020ರಲ್ಲಿ ಏನಾಯ್ತು? ಜೀ ಕನ್ನಡದಲ್ಲಿ "ಮಹಾನಾಯಕ" ಬಂತು. ಬಾಬಾಸಾಹೇಬರ ಜೀವನ ಕುರಿತ ಹಿಂದಿ ಧಾರಾವಾಹಿಯ ಡಬ್ಬಿಂಗ್. ಊರೂರಲ್ಲಿ ನಮ್ಮ ಹುಡುಗರು ಚಂದಾ ಎತ್ತಿ, ಸ್ಟಾರ್ ಸಿನಿಮಾಕ್ಕೆ ಕಟ್ಟೋ ಹಾಗೆ ಒಂದು ಧಾರಾವಾಹಿಗೆ ಫ್ಲೆಕ್ಸ್ ಕಟ್ಟಿದರು. ಅಂಥದ್ದು ಕನ್ನಡ ಟಿವಿ ಚರಿತ್ರೆಯಲ್ಲಿ ಮತ್ತೆ ಯಾವುದಕ್ಕಾದ್ರೂ ಆಗಿದೆಯಾ? ಅದನ್ನ ನಿಲ್ಲಿಸಿ ಅಂತ ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆ ಕರೆಗಳೂ ಬಂದವು. ಅಂದ್ರೆ ನೋಡೋರು ಇದ್ದರು, ಕಾದಿದ್ದರು. ಅಷ್ಟಾದ ಮೇಲೂ ಒಬ್ಬ ಕನ್ನಡದ ನಿರ್ದೇಶಕನಿಗೆ ಕರೆದು, "ಬಸವಲಿಂಗಪ್ಪನವರ ಬಗ್ಗೆ ಮಾಡಪ್ಪ, ಊರು ಕೇರಿ ಧಾರಾವಾಹಿ ಮಾಡಪ್ಪ" ಅಂತ ಒಂದು ವಾಹಿನಿಯಾದ್ರೂ ಹೇಳ್ತಾ? ಡಬ್ಬಿಂಗ್ ದುಡ್ಡು ಎಣಿಸ್ಕೊಂಡು ಮತ್ತೆ ಬಂಗಲೆಗೆ ವಾಪಸ್.

ಪಕ್ಕದ ಮನೆ ನೋಡಿ. ತಮಿಳಿನಲ್ಲಿ ಪಾ. ರಂಜಿತ್ ತಾನು ಬೆಳೆದು, ತನ್ನ ಕಂಪನಿಯಲ್ಲಿ ಮಾರಿ ಸೆಲ್ವರಾಜ್‌ಗೆ "ಪರಿಯೇರುಂ ಪೆರುಮಾಳ್" ಮಾಡಿಸಿದರು. ನಮ್ಮ ಗಡಿಯ ಸೊಲ್ಲಾಪುರ ಜಿಲ್ಲೆಯ ನಾಗರಾಜ ಮಂಜುಳೆ, ಕಲ್ಲು ಒಡೆಯೋ ವಡ್ಡರ ಸಮುದಾಯದ ಹುಡುಗ, "ಫಂಡ್ರಿ" ಮಾಡಿದ, 2016ರಲ್ಲಿ "ಸೈರಾಟ್" ಮಾಡಿ ಮರಾಠಿ ಸಿನಿಮಾದ ಲೆಕ್ಕಾಚಾರವನ್ನೇ ಬದಲಾಯಿಸಿದ. ನಮ್ಮೋರು ಏನು ಮಾಡಿದ್ರು? ಸೈರಾಟ್ ರೀಮೇಕ್ ಹಕ್ಕು ತಂದು "ಮನಸು ಮಲ್ಲಿಗೆ" ಮಾಡಿದರು. ಹಕ್ಕು ಕೊಳ್ಳೋಕೆ ದುಡ್ಡಿತ್ತು. ನಮ್ಮಲ್ಲೇ ಒಬ್ಬ ಮಂಜುಳೆಯನ್ನ ಬೆಳೆಸೋ ಮನಸ್ಸಿರಲಿಲ್ಲ. 2022ರಲ್ಲಿ ಅದೇ ಮಂಜುಳೆ "ಝುಂಡ್" ಮಾಡಿದಾಗ ಅಮಿತಾಭ್ ಬಚ್ಚನ್ ಬಾಬಾಸಾಹೇಬರ ಫೋಟೋ ಎದುರು ನಿಂತರು. 1973ರಲ್ಲಿ ನಮ್ಮ ಬಂಡೆಗಳ ಮಧ್ಯೆ ಮೌತ್ ಆರ್ಗನ್ ನುಡಿಸಿದ ಅದೇ ಜೈ. ಆ ಬಂಡೆಯಿಂದ ಆ ಫೋಟೋದವರೆಗೆ ನಡೆಯೋಕೆ ಹಿಂದಿ ಸಿನಿಮಾಕ್ಕೆ ನಲವತ್ತೊಂಬತ್ತು ವರ್ಷ ಬೇಕಾಯ್ತು. ಕರ್ಕೊಂಡು ಹೋಗಿದ್ದು ಬಂಡೆ ಒಡೆಯೋರ ಮನೆ ಮಗ.

ಇನ್ನು ಜಿಲ್ಲೆಗೆ ಸಿನಿಮಾ ಏನು ಕೊಟ್ಟಿದೆ ಅನ್ನೋ ಲೆಕ್ಕ. 1984ರ "ಎ ಪ್ಯಾಸೇಜ್ ಟು ಇಂಡಿಯಾ" ಚಿತ್ರದ ಮರಬಾರ್ ಗುಹೆಯ ದೃಶ್ಯಗಳನ್ನ ಡೇವಿಡ್ ಲೀನ್ ಮಾಗಡಿಯ ಸಾವನದುರ್ಗದಲ್ಲಿ ತೆಗೆದರು. ಅವರೂ ಬಂಡೆ ನೋಡಿ ಬಂದೋರು, ಬಂಡೆ ನೋಡಿ ಹೋದರು. 2016ರ ನವೆಂಬರ್ 7ರಂದು ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ "ಮಾಸ್ತಿಗುಡಿ" ಕ್ಲೈಮ್ಯಾಕ್ಸ್‌ಗೆ ಹೆಲಿಕಾಪ್ಟರ್‌ನಿಂದ ಮೂವರು ಜಿಗಿದರು. ಹೀರೋ ದಡ ಸೇರಿದರು. ಅನಿಲ್, ಉದಯ್ ಸೇರಲಿಲ್ಲ. 2021ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರ ಶೂಟಿಂಗ್ ವೇಳೆ ಕರೆಂಟ್ ತಂತಿ ತಗುಲಿ ಒಬ್ಬ ಸ್ಟಂಟ್ ಕಲಾವಿದ ಸತ್ತ. ಶೋಲೆ ಐವತ್ತರ ಪೋಸ್ಟರಿನಲ್ಲಿ ಈ ಮೂರು ಸಾವಿನ ಸುದ್ದಿ ಯಾಕಿರುತ್ತೆ ಬಿಡಿ. ಮತ್ತೆ ರಾಜಕೀಯ? 2024ರ ಚನ್ನಪಟ್ಟಣ ಉಪಚುನಾವಣೆಯಲ್ಲಿ ಎದುರುಬದುರು ನಿಂತ ಇಬ್ಬರೂ, ಯೋಗೇಶ್ವರ್ ಮತ್ತು ನಿಖಿಲ್, ಸಿನಿಮಾ ಹೀರೋ ಆಗಿದ್ದೋರೇ. ನಿರ್ಮಾಪಕರಾಗಿದ್ದ ಕುಮಾರಸ್ವಾಮಿಯವರು 2018ರಲ್ಲಿ ಮುಖ್ಯಮಂತ್ರಿಯಾಗಿ ರಾಮನಗರಕ್ಕೆ ಫಿಲ್ಮ್ ಯೂನಿವರ್ಸಿಟಿ ಅಂತ ಬಜೆಟ್‌ನಲ್ಲಿ ಹೇಳಿದರು. ಶೋಲೆ ಥೀಮ್ ಹಳ್ಳಿ ಮಾಡ್ತೀವಿ ಅನ್ನೋ ಮಾತೂ ಬಂತು, ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ ಆಗಿರೋದ್ರಿಂದ ಪರಿಸರದೋರು ಆಕ್ಷೇಪ ಎತ್ತಿದರು. ಹದ್ದುಗಳ ಪರ ಮಾತಾಡೋಕೆ ಜನ ಇದ್ದರು, ಒಳ್ಳೇದೇ ಆಯ್ತು.

ಈಗ ನೇರವಾಗಿ ಕೇಳ್ತೀನಿ. ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆ, ನಮ್ಮ ತಾಲ್ಲೂಕುಗಳ ಶಾಸಕರು ಓದಲಿ. ಶೋಲೆ ಹೆಸರಲ್ಲಿ ಒಂದು ರೂಪಾಯಿ ಖರ್ಚು ಮಾಡೋ ಮೊದಲು, ಆ ಸೆಟ್ ಕಟ್ಟಿದ, ಜೂನಿಯರ್ ಆರ್ಟಿಸ್ಟ್ ಆಗಿ ನಿಂತ ನಮ್ಮ ಜಿಲ್ಲೆಯ ಜನರ ಹೆಸರು ಬೆಟ್ಟದ ಬುಡದಲ್ಲಿ ಒಂದು ಕಲ್ಲಲ್ಲಿ ಕೆತ್ತಿಸಿ. ಅಲ್ಲಿ ಬೇಕಾದಷ್ಟು ಕಲ್ಲಿದೆ. ಫಿಲ್ಮ್ ಯೂನಿವರ್ಸಿಟಿಯೋ ಇನ್ನೊಂದೋ ಏನೇ ಬಂದ್ರೂ, ನಿರ್ದೇಶನ ಮತ್ತು ಛಾಯಾಗ್ರಹಣದ ಸೀಟುಗಳಲ್ಲಿ ನಮ್ಮ ಪಾಲು ಇರಲಿ. ಲೈಟ್ ಬಾಯ್ ತರಬೇತಿ ಕೊಟ್ಟು ಕೈ ತೊಳ್ಕೋಬೇಡಿ, ಆ ಕೆಲಸ ನಮ್ಮೋರು ಯಾರ ಹತ್ರವೂ ಕಲೀದೆ ಮಾಡ್ತಿದಾರೆ. ಹಾಸ್ಟೆಲ್ ಇರಲಿ, ಶುಲ್ಕ ಸರ್ಕಾರ ಕಟ್ಟಲಿ. 2013ರ ಕಾಯ್ದೆ ಪ್ರಕಾರ ಪರಿಶಿಷ್ಟರಿಗೆ ಅಂತ ಎತ್ತಿಡೋ ದುಡ್ಡನ್ನ ಬೇರೆ ಕಡೆ ತಿರುಗಿಸೋಕೆ ನಿಮಗೆ ದಾರಿ ಗೊತ್ತಿದೆ, ಈ ಕಡೆ ತಿರುಗಿಸೋಕೂ ಗೊತ್ತಿರಬೇಕು. ನಮ್ಮ ಮಕ್ಕಳು ತೆಗೆದ ಮೊದಲ ಸಿನಿಮಾ ಸೋತರೆ ಎರಡನೆಯದಕ್ಕೂ ದುಡ್ಡು ಕೊಡಿ. ಸಿಪ್ಪಿಯವರಿಗೆ ಅವರಪ್ಪ ಕೊಟ್ಟ ಹಾಗೆ.

ಹೆಸರು ಕೆತ್ತಿಸಿ ಅಂದ್ರೆ "ಪಟ್ಟಿ ಎಲ್ಲಿದೆ?" ಅಂತ ಕೇಳ್ತಾರೆ, ಗೊತ್ತು. ಪಟ್ಟಿ ನಾವೇ ಮಾಡೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ಹಳ್ಳಿಯಾದರೂ ಸರಿ, ನಿಮ್ಮ ತಾತ, ಅಜ್ಜಿ, ಅಪ್ಪ, ಚಿಕ್ಕಪ್ಪ 1973ರಿಂದ 75ರವರೆಗೆ ಆ ಸೆಟ್ಟಲ್ಲಿ ಕೆಲಸ ಮಾಡಿದ್ರೆ ಅವರ ಹೆಸರು, ಊರು, ಏನು ಕೆಲಸ ಅನ್ನೋದನ್ನ ಕೆಳಗೆ ಬರೀರಿ. ಫೋಟೋ ಇದ್ರೆ ಹಾಕಿ. ಬದುಕಿದ್ರೆ ಮೊದಲು ಅವರನ್ನ ಕೂರಿಸಿ ಫೋನಲ್ಲಿ ಮಾತು ರೆಕಾರ್ಡ್ ಮಾಡ್ಕೊಳ್ಳಿ, ವಯಸ್ಸಾಗಿದೆ, ತಡ ಮಾಡಬೇಡಿ. ಜಾತಿ ಬರೆಯೋದು ಬಿಡೋದು ನಿಮ್ಮಿಷ್ಟ. ಮೊದಲನೇ ಹೆಸರು ನಮ್ಮ ದೊಡ್ಡಪ್ಪಂದು, ನಾನೇ ಕಾಮೆಂಟಿನಲ್ಲಿ ಹಾಕಿದ್ದೀನಿ.

ಜೈಭೀಮ್.